ನನಗಿಂತ ಮೊದಲು ಕಾರು ತೆಗೆದುಕೊಂಡವಳು

ಅಕ್ಟೋಬರ್ 4, ಶುಕ್ರವಾರ

ಮೂವತ್ತೈದು ನಿಮಿಷ! ಸಂಜೆ ಐದಕ್ಕೆ ನನ್ನ ಹೆಸರಿಗೆ ಕಾದಿರಿಸಿದ್ದ ಕಾರು ಐದೂ ಮೂವತ್ತೈದಕ್ಕೆ ಸಿಕ್ಕಿತು. ಬರುತ್ತಿದೆಯೇನೋ ನೋಡೋಣ ಎಂದು ಟ್ರಾಮ್ ನಿಲ್ದಾಣದವರೆಗೆ ಹೋಗಿ ವಾಪಸು ಬರುವಷ್ಟರಲ್ಲಿ ಅದು ತನ್ನ ಜಾಗದಲ್ಲಿ ಏನೂ ಆಗಿಲ್ಲವೆಂಬಂತೆ ನಿಂತಿತ್ತು. ತಂದು ನಿಲ್ಲಿಸಿದವರು ಪರಾರಿ. ಒಳಗೆ ಕೂರಲು ಹೋದರೆ ಮೊಣಕಾಲು ಸ್ಟಿಯರಿಂಗಿಗೆ ಬಡಿಯಿತು, ಸೀಟನ್ನು ಅಷ್ಟು ಮುಂದಕ್ಕೆ ಎಳೆದಿದ್ದರು. ಎಲೆಕೋಸಿನ ವಾಸನೆ ಬೇರೆ.

ಫ್ರೈಬುರ್ಗಿನ ಈ ಬಡಾವಣೆಗೆ ಬರುವಾಗ ಸ್ವಂತ ಕಾರು ಇಟ್ಟುಕೊಳ್ಳುವುದಿಲ್ಲ ಎಂದು ಸಹಿ ಹಾಕಿದವನು ನಾನೇ. ಪ್ರತಿ ಜನವರಿಯಲ್ಲೂ ಮತ್ತೆ ಹಾಕುತ್ತೇನೆ. ಹಾಕದಿದ್ದರೆ ಅಂಚಿನ ಗ್ಯಾರೇಜಿನಲ್ಲಿ ಒಂದು ಜಾಗ ಕೊಳ್ಳಬೇಕು, ಆ ದುಡ್ಡಿಗೆ ಇನ್ನೊಂದು ಕಾರೇ ಬರುತ್ತದೆ. ಹಾಗಾಗಿ ನಲವತ್ತು ಮನೆಯವರು ಸರದಿಯಲ್ಲಿ ಬಳಸಲು ಒಂದೇ ಬಿಳಿ ಬಾಡಿಗೆ ಕಾರು. ಗಂಟೆಗೆ ಎರಡು ಯೂರೊ ನಲವತ್ತು ಸೆಂಟು, ಕಿಲೋಮೀಟರಿಗೆ ಮೂವತ್ತು ಸೆಂಟು. ಓಡಿಸಿದರೂ ದುಡ್ಡು, ನಿಲ್ಲಿಸಿದರೂ ದುಡ್ಡು. ಇಷ್ಟು ಕೊಟ್ಟ ಮೇಲೆ ಹೊತ್ತಿಗೆ ಸರಿಯಾಗಿಯಾದರೂ ಸಿಗಬೇಡವೇ?

ಗುಡ್ಡದ ಮೇಲಿನ ಹಿಂಟರ್‌ಬಾಖ್ ತಲುಪಿದಾಗ ಆರೂವರೆ. ಮಗಳು ಮೆರ್ಲೆ ಜಾಕೆಟ್ ತೊಟ್ಟು, ಬೆನ್ನಿಗೆ ಚೀಲ ಹಾಕಿಕೊಂಡು ಹೊಸ್ತಿಲ ಮೇಲೆ ಕುಳಿತಿದ್ದಳು. ಹಿಂದೆ ಅವಳಮ್ಮ ಹೈಕೆ, ಕೈಕಟ್ಟಿ ನಿಂತಿದ್ದಳು.

"ಒಪ್ಪಂದದಲ್ಲಿ ಆರು ಗಂಟೆ ಅಂತ ಇದೆ, ಗೆರ್ವಿನ್. ಇದು ಮೂರನೇ ಸಲ."

"ಕಾರು ತಡವಾಗಿ ಸಿಕ್ತು."

"ಯಾವಾಗ್ಲೂ ಕಾರೇ ತಡ ಮಾಡತ್ತೆ. ನೀನು ಮಾತ್ರ ಯಾವತ್ತೂ ಮಾಡಲ್ಲ."

"ಹೈಕೆ..."

"ಒಂಬತ್ತು ವರ್ಷದ ಮಗೂನ ಜಾಕೆಟ್ ಹಾಕಿಸಿ ಬಾಗಿಲಲ್ಲಿ ಕೂರಿಸೋಕೆ ನನ್ನ ಕೈಲಾಗಲ್ಲ. ಇನ್ನೊಂದು ಸಲ ಹೀಗಾದ್ರೆ ಶುಕ್ರವಾರ ಬರ್ಲೇಬೇಡ. ಶನಿವಾರ ಬೆಳಿಗ್ಗೆ ಬಾ."

ಬೇರೆಯಾದ ಮೇಲೆ ನನಗೆ ಸಿಕ್ಕಿರುವುದು ಎರಡು ವಾರಕ್ಕೊಮ್ಮೆ, ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ. ಅದರಲ್ಲಿ ಶುಕ್ರವಾರವನ್ನು ತೆಗೆದರೆ ಉಳಿಯುವುದೇನು? ನನ್ನ ಮಗಳ ಒಂದು ಸಂಜೆಯನ್ನು ಯಾರೋ ಎಲೆಕೋಸಿನವರು ನುಂಗಲು ನೋಡುತ್ತಿದ್ದಾರೆ. ಯಾರೆಂದು ಪತ್ತೆ ಹಚ್ಚುತ್ತೇನೆ. ಹಚ್ಚಿ ಬಿಸಿ ಮುಟ್ಟಿಸುತ್ತೇನೆ.

ಅಕ್ಟೋಬರ್ 6, ಭಾನುವಾರ

ಒಳ್ಳೆಯ ಎರಡು ದಿನ. ನಮ್ಮ ತೂಕದ ಆಟವನ್ನೇ ಆಡಿದೆವು. ಕೈಗೆ ಸಿಕ್ಕಿದ್ದನ್ನು ಎತ್ತಿ ಹಿಡಿದು ಎಷ್ಟು ಗ್ರಾಂ ಎಂದು ಹೇಳಬೇಕು, ಆಮೇಲೆ ನನ್ನ ಹಿತ್ತಾಳೆಯ ತೂಕದ ಬೊಟ್ಟುಗಳನ್ನಿಟ್ಟು ತೂಗಬೇಕು. ಊರಿನ ಅಂಗಡಿಗಳ ತಕ್ಕಡಿ ಪರೀಕ್ಷಿಸುವುದೇ ನನ್ನ ನೌಕರಿ, ಆದರೂ ಹುಡುಗಿ ನನ್ನನ್ನು ಸೋಲಿಸಿದಳು. ನನ್ನ ಒಂದು ಚಪ್ಪಲಿ ಮುನ್ನೂರ ಹತ್ತು ಎಂದಳು, ಮುನ್ನೂರ ಆರು ಬಂತು. ನಾನು ಹೇಳಿದ್ದು ಮುನ್ನೂರ ಐವತ್ತು.

"ಅಪ್ಪಾ, ನಿನ್ನ ಆಫೀಸಲ್ಲಿ ಗೊತ್ತಾದ್ರೆ ಕೆಲಸದಿಂದ ತೆಗೀತಾರೆ."

"ನೀನು ಹೇಳದಿದ್ರೆ ಯಾರಿಗೆ ಗೊತ್ತಾಗತ್ತೆ?"

"ಒಂದು ವಾಫಲ್ ಕೊಟ್ರೆ ಹೇಳಲ್ಲ."

ವಾಪಸು ಹೋಗುವಾಗ ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ವಾಫಲ್ ತಿನ್ನುತ್ತ ಹಾಡು ಹೇಳಿದಳು. ಸಕ್ಕರೆ ಪುಡಿ ಸೀಟಿಗೆಲ್ಲ ಚೆಲ್ಲಿತ್ತು, ಒರೆಸಿ ನಿಲ್ಲಿಸಿದೆ.

ಅಕ್ಟೋಬರ್ 7, ಸೋಮವಾರ

ಕಾರಿನ ಕಂಪನಿಗೆ ಫೋನ್ ಮಾಡಿದೆ. ಇಪ್ಪತ್ತೆರಡು ನಿಮಿಷ ಪಿಯಾನೊ ಕೇಳಿಸಿದರು. ಹಿಂದೆ ಇದು ನಮ್ಮದೇ ಸಂಘವಾಗಿತ್ತು. ಕಾರಿನ ಖಾನೆಯಲ್ಲಿ ಒಂದು ಪುಸ್ತಕ, ಯಾರು ಎಷ್ಟು ಹೊತ್ತಿಗೆ ಒಯ್ದರು, ಎಷ್ಟು ಹೊತ್ತಿಗೆ ತಂದರು ಎಲ್ಲ ಅದರಲ್ಲಿ. ತಪ್ಪು ಮಾಡಿದವನ ಮನೆಗೇ ಹೋಗಿ ಕೇಳಬಹುದಿತ್ತು. ಕಂಪನಿ ಬಂದು ಪುಸ್ತಕ ಹೋಯಿತು, ಫೋನಿನೊಳಗೆ ಕಾದಿರಿಸಿದ ಹೊತ್ತು ತೋರಿಸುವ, ಹೆಸರಿಲ್ಲದ ಬೂದು ಪಟ್ಟಿಗಳು ಬಂದವು.

"ತೊಂದರೆ ಆಗಿದ್ದಕ್ಕೆ ನಿಮ್ಮ ಖಾತೆಗೆ ಹತ್ತು ಯೂರೊ ಹಾಕ್ತೀವಿ ಸರ್," ಎಂದನು ಆ ಕಡೆಯವನು.

"ನನಗೆ ಹತ್ತು ಯೂರೊ ಬೇಡಪ್ಪ. ಹೆಸರು ಬೇಕು."

"ಹೆಸರು ಹೇಳೋ ಹಾಗಿಲ್ಲ ಸರ್, ಖಾಸಗಿ ಮಾಹಿತಿ."

"ನನ್ನ ಮಗಳು ಬಾಗಿಲಲ್ಲಿ ಕೂತಿದ್ದು ಖಾಸಗಿ ಅಲ್ವಾ?"

"ಅರ್ಥ ಆಗತ್ತೆ ಸರ್. ಬೇರೇನಾದ್ರೂ ಸಹಾಯ ಬೇಕಿತ್ತಾ?"

ಆದರೆ ಮಾತಿನ ನಡುವೆ ಒಂದು ವಿಷಯ ಬಿಟ್ಟುಕೊಟ್ಟ. ಹೊರಡುವ ಮುಂಚೆ ಫೋನು ಕೇಳುತ್ತದಲ್ಲ, ಕಾರು ಚೊಕ್ಕಟವಾಗಿದೆಯೇ, ಏನಾದರೂ ಕೆಟ್ಟಿದೆಯೇ ಎಂದು? ಆಗ ನಾವು ಫೋಟೊ ಸಮೇತ ಬರೆದದ್ದೆಲ್ಲ ಹಿಂದೆ ಓಡಿಸಿದವರ ತಲೆಗೆ. ಬರೆಯದೆ ಹೊರಟರೆ ನಮ್ಮ ತಲೆಗೆ. ಕೊಳಕಿನ ದೂರು ಮೂರಾದರೆ ಅವರ ಖಾತೆ ಆರು ತಿಂಗಳು ಬಂದ್. ಇಷ್ಟು ವರ್ಷ ಆ ಪ್ರಶ್ನೆಗೆ ಕಣ್ಣುಮುಚ್ಚಿ 'ಹೌದು' ಒತ್ತಿದ್ದೇನೆ. ನನ್ನಷ್ಟು ಪೆದ್ದ ಇನ್ನೊಬ್ಬನಿಲ್ಲ.

ಅಕ್ಟೋಬರ್ 18, ಶುಕ್ರವಾರ

ಸಿಕ್ಕಿಬಿದ್ದಳು.

ಹದಿನೈದು ನಿಮಿಷ ಮೊದಲೇ ಹೋಗಿ ಸೈಕಲ್ ಚಪ್ಪರದ ಹಿಂದೆ ನಿಂತಿದ್ದೆ. ಐದಾಯಿತು, ಐದೂಕಾಲಾಯಿತು, ಐದೂ ನಲವತ್ತಕ್ಕೆ ಕಾರು ಬಂತು. ಇಳಿದವಳು ಒಬ್ಬ ಕುಳ್ಳ ಹೆಂಗಸು, ಅರವತ್ತೈದರ ಮೇಲಿರಬೇಕು, ಹಸಿರು ಮಳೆಯಂಗಿ. ಡಿಕ್ಕಿ ತೆರೆದು ಎಲೆಕೋಸು, ಕ್ಯಾರೆಟ್, ಬ್ರೆಡ್ಡಿನ ಕ್ರೇಟುಗಳನ್ನು ಕೈಗಾಡಿಗೆ ಇಳಿಸತೊಡಗಿದಳು. ಆಗ ಗೊತ್ತಾಯಿತು. ಹದಿನಾಲ್ಕನೇ ಕಟ್ಟಡದ ಇರ್ಮೆಲಾ ಟ್ರೊಂಡ್ಲೆ. ತೋಟದಂಗಡಿಗಳಲ್ಲಿ ಮಾರಾಟವಾಗದೆ ಉಳಿದದ್ದನ್ನು ತಂದು ತನ್ನ ಕಟ್ಟಡದ ಮುಂದಿನ ಕಪಾಟಿನಲ್ಲಿಡುತ್ತಾಳೆ, ಬೇಕಾದವರು ಪುಕ್ಕಟೆ ಒಯ್ಯಬಹುದು. ನಾನೂ ಎಷ್ಟೋ ಸಲ ಅಲ್ಲಿಂದ ಬ್ರೆಡ್ ತಂದಿದ್ದೇನೆ. ಅದು ಬೇರೆ ವಿಷಯ.

"ಅಯ್ಯೋ, ನೀವು ಕಾಯ್ತಿದ್ರಾ?" ಎಂದಳು. "ಆ ತೋಟದವನು ಮಾತಿಗೆ ನಿಂತ್ರೆ ಬಿಡಲ್ಲ ಕಣ್ರೀ. ಏನಂದ್ಕೋಬೇಡಿ."

"ನನ್ನ ಬುಕಿಂಗ್ ಐದು ಗಂಟೆಗೆ ಇತ್ತು."

"ಹೌದಾ? ಅರ್ಧ ಗಂಟೆ ಆಚೆಈಚೆ ಅಲ್ವಾ. ತಗೊಳ್ಳಿ, ಈ ಕುಂಬಳಕಾಯಿ ತಗೊಳ್ಳಿ. ಸೂಪ್ ಮಾಡಿ, ಚೆನ್ನಾಗಿರತ್ತೆ."

ಏನು ಹೇಳಬೇಕೆಂದು ಹದಿನಾಲ್ಕು ದಿನದಿಂದ ಸಿದ್ಧಮಾಡಿಕೊಂಡಿದ್ದೆ. ಎರಡು ಕೈಯಲ್ಲೂ ಕುಂಬಳಕಾಯಿ ಹಿಡಿದುಕೊಂಡು ಜಗಳವಾಡುವುದು ಹೇಗೆ? ಥ್ಯಾಂಕ್ಸ್ ಎಂದುಬಿಟ್ಟೆ! ನನಗೆ ನಾನೇ ಕಪಾಳಕ್ಕೆ ಬಾರಿಸಿಕೊಳ್ಳಬೇಕು ಎನಿಸಿತು.

ಹಿಂಟರ್‌ಬಾಖ್ ಸೇರಿದಾಗ ಆರೂ ಮೂವತ್ತೈದು. ಹೈಕೆ ಬಾಗಿಲನ್ನು ಅರ್ಧ ಮಾತ್ರ ತೆರೆದಳು.

"ನಾಳೆ ಒಂಬತ್ತಕ್ಕೆ ಬಾ."

"ಮಗು ಎದ್ದಿದ್ದಾಳಲ್ಲ, ಹೈಕೆ. ಹಾಗೇ ಕರ್ಕೊಂಡು ಹೋಗ್ತೀನಿ."

"ಮಾತು ಅಂದ್ರೆ ಮಾತು."

ಮೇಲಿನ ಕಿಟಕಿಯಲ್ಲಿ ಮೆರ್ಲೆ ಗಾಜಿಗೆ ಮೂಗೊತ್ತಿ ನಿಂತಿದ್ದಳು. ಕೈ ಬೀಸಿದೆ. ಅವಳೂ ಬೀಸಿದಳು. ಖಾಲಿ ಕಾರಿನಲ್ಲಿ ಗುಡ್ಡ ಇಳಿಯುವಾಗ ಕಣ್ಣು ತುಂಬಿ ದಾರಿ ಮಸುಕಾಯಿತು, ಬದಿಗೆ ನಿಲ್ಲಿಸಬೇಕಾಯಿತು. ಅರ್ಧ ಗಂಟೆ ಆಚೆಈಚೆಯಂತೆ! ಆ ಅರ್ಧ ಗಂಟೆಯನ್ನು ನಿನ್ನ ಗಂಟಲಿನಿಂದ ಕಕ್ಕಿಸುತ್ತೇನೆ, ಇರು.

ಅಕ್ಟೋಬರ್ 20, ಭಾನುವಾರ

ಕುಂಬಳಕಾಯಿಯನ್ನು ಕಸಕ್ಕೆ ಹಾಕಬೇಕೆಂದಿದ್ದೆ, ಮೆರ್ಲೆ ಬಿಡಲಿಲ್ಲ. ಸಾವಿರದ ನಾನೂರು ಗ್ರಾಂ ಎಂದಳು. ಸಾವಿರದ ಮುನ್ನೂರ ಎಂಬತ್ತು ಬಂತು. ಸೂಪ್ ಮಾಡಿದೆವು. ಚೆನ್ನಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ನವೆಂಬರ್ 4, ಸೋಮವಾರ

ಒಂದನೇ ತಾರೀಖು ಹಬ್ಬದ ರಜೆ, ತೋಟದಂಗಡಿ ಮುಚ್ಚಿತ್ತು, ಹಾಗಾಗಿ ಕಾರು ಹೊತ್ತಿಗೆ ಸಿಕ್ಕಿತು. ಆ ವಾರಾಂತ್ಯದಲ್ಲಿ ಬೂದು ಪಟ್ಟಿಗಳನ್ನೇ ನೋಡುತ್ತ ಕುಳಿತು ಒಂದು ಸಂಗತಿ ಕಂಡುಕೊಂಡೆ. ಈ ಹೆಂಗಸು ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಎಂಟರ ಸುಮಾರಿಗೆ ಆ ತಿಂಗಳ ಶುಕ್ರವಾರಗಳನ್ನು ಒಟ್ಟಿಗೆ ಕಾದಿರಿಸುತ್ತಾಳೆ, ಎರಡರಿಂದ ಐದರವರೆಗೆ.

ಇಂದು ಆರು ಗಂಟೆಗೇ ಎದ್ದು ಎಲ್ಲ ಶುಕ್ರವಾರಗಳನ್ನೂ, ಮಧ್ಯಾಹ್ನ ಒಂದರಿಂದ, ಏಪ್ರಿಲ್ ಕೊನೆಯವರೆಗೆ ನನ್ನ ಹೆಸರಿಗೆ ಮಾಡಿಕೊಂಡೆ. ಬೇಡವೆನಿಸಿದರೆ ಇಪ್ಪತ್ತನಾಲ್ಕು ಗಂಟೆ ಮೊದಲು ರದ್ದು ಮಾಡಬಹುದು, ಒಂದು ಸೆಂಟೂ ಹೋಗುವುದಿಲ್ಲ. ಮೆರ್ಲೆ ಇಲ್ಲದ ವಾರಗಳಲ್ಲಿ ಗುರುವಾರ ಮಧ್ಯಾಹ್ನ ಹನ್ನೆರಡೂ ಐವತ್ತೊಂಬತ್ತಕ್ಕೆ ಬಿಟ್ಟುಕೊಡುತ್ತೇನೆ. ಅಷ್ಟರಲ್ಲಿ ಅವಳು ತೋಟದವನಿಗೆ ಬರುವುದಿಲ್ಲವೆಂದು ಹೇಳಿಯಾಗಿರುತ್ತದೆ.

ಎಂಟು ಗಂಟೆಗೆ ಕಾಫಿ ಕುಡಿಯುತ್ತ ಅವಳ ಮುಖ ಹೇಗಾಗಿರಬಹುದೆಂದು ಯೋಚಿಸಿದೆ. ಬಹಳ ದಿನಗಳ ಮೇಲೆ ಕಾಫಿ ರುಚಿಯೆನಿಸಿತು.

ನವೆಂಬರ್ 15, ಶುಕ್ರವಾರ

ಆರಕ್ಕೆ ಹತ್ತು ನಿಮಿಷವಿರುವಾಗಲೇ ಹೈಕೆಯ ಬಾಗಿಲು ತಟ್ಟಿದೆ. ಅವಳ ಹುಬ್ಬು ಮೇಲೇರಿತು.

"ಪರ್ವಾಗಿಲ್ವೇ."

"ಕಾರು ಹೊತ್ತಿಗೆ ಸಿಕ್ಕಿದ್ರೆ ನಾನು ತಡ ಮಾಡಲ್ಲ ಅಂತ ಹೇಳಿದ್ನಲ್ಲ."

"ಸರಿ ಹಾಗಾದ್ರೆ. ಹೀಗೇ ನಡೀಲಿ, ಶುಕ್ರವಾರ ನಿನ್ನದೇ."

ಗೆದ್ದೆ! ಆದರೆ ಅರ್ಧ ಮಾತ್ರ. ಟ್ರೊಂಡ್ಲೆ ಈಗ ಬೆಳಗಿನ ಹೊತ್ತು ಹೋಗಿ ಬೇಕರಿಗಳ ಹಿಂದಿನ ದಿನದ ಬ್ರೆಡ್ಡನ್ನಾದರೂ ತರುತ್ತಿದ್ದಾಳೆ. ಒಂದಕ್ಕೆ ಸರಿಯಾಗಿ ವಾಪಸು ತಂದು ನಿಲ್ಲಿಸುತ್ತಾಳೆ. ಕಲಿತುಕೊಂಡಳು ಅನ್ನಿ. ಆದರೆ ನನ್ನ ಲೆಕ್ಕದಲ್ಲಿ ಅದು ಸಾಲದು. ಡಿಕ್ಕಿಯಲ್ಲಿ ಬ್ರೆಡ್ಡಿನ ಪುಡಿ ಚೆಲ್ಲಿತ್ತು, ಒಂದು ಬಾಡಿದ ಎಲೆಯೂ ಇತ್ತು. ಹೊರಡುವ ಮೊದಲೇ ಹನ್ನೊಂದು ಫೋಟೊ ತೆಗೆದು ಕಳಿಸಿದೆ. ದೂರು ಒಂದು.

ದಾರಿಯಲ್ಲಿ ಮೆರ್ಲೆ ವಾಫಲ್ ತೆಗೆದಳು. ಕಾರಿನಲ್ಲಿ ಬೇಡ, ಯಾಕೆಂದು ವಿವರಿಸುತ್ತೇನೆ ಎಂದು ಹೇಳಿ, ಮನೆ ಬರುವವರೆಗೂ ದೂರಿನ ನಿಯಮವನ್ನು ವಿವರಿಸಿದೆ. ಗಮನವಿಟ್ಟು ಕೇಳಿದಳು.

"ಅಂದ್ರೆ ಕುಂಬಳಕಾಯಿ ಅಜ್ಜಿಗೆ ಬೈಯ್ತಾರಾ?"

"ಬೈಯಲ್ಲ. ಪಾಠ ಕಲಿಸ್ತಾರೆ."

ನವೆಂಬರ್ 21, ಗುರುವಾರ

12.59. ರದ್ದು. ಆಹಾ.

ನವೆಂಬರ್ 29, ಶುಕ್ರವಾರ

ನಿರಾಸೆ. ಇಂದು ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಮೊದಲ ದೂರಿಗೆ ಕಂಪನಿಯವರು ಅರವತ್ತು ಯೂರೊ ಕಿತ್ತಿರಬೇಕು, ಹೆಂಗಸು ಮೂಲೆಮೂಲೆಯನ್ನೂ ಗುಡಿಸಿದ್ದಾಳೆ. ಮುಕ್ಕಾಲು ಗಂಟೆ ಹುಡುಕಿದೆ. ಕೊನೆಗೆ ಡಿಕ್ಕಿಯ ರಬ್ಬರಿನ ಸಂದಿಯಲ್ಲಿ ಕ್ಯಾರೆಟ್ಟಿನ ಒಂದಿಷ್ಟು ಮಣ್ಣು ಸಿಕ್ಕಿತು, ಉಗುರಿನಷ್ಟು. ಫೋನನ್ನು ತೀರ ಹತ್ತಿರ ಹಿಡಿದು ತೆಗೆದರೆ ಹೊಲದ ಹೆಂಟೆಯಂತೆ ಕಾಣುತ್ತದೆ. ಸುಳ್ಳೇನಲ್ಲ, ಮಣ್ಣು ಇದ್ದದ್ದು ನಿಜ. ದೂರು ಎರಡು.

ಇದರಿಂದ ಹಿಂಟರ್‌ಬಾಖ್ ತಲುಪಿದ್ದು ಆರಕ್ಕೆ ಸರಿಯಾಗಿ, ಒಂದೇ ಒಂದು ನಿಮಿಷವೂ ಉಳಿಯಲಿಲ್ಲ.

ಡಿಸೆಂಬರ್ 1, ಭಾನುವಾರ

ಮೆರ್ಲೆ ತಾನೇ ಹಿತ್ತಾಳೆ ಬೊಟ್ಟುಗಳನ್ನು ಮೇಜಿನ ಮೇಲೆ ಜೋಡಿಸಿದ್ದಳು. ನಾನು ಕಂಪನಿಯ ಹದಿನೇಳು ಪುಟದ ಷರತ್ತುಗಳನ್ನು ಓದುತ್ತಿದ್ದೆ, ಐದು ನಿಮಿಷ ಎಂದೆ. ಆಮೇಲೆ ನೋಡಿದರೆ ಅವಳೇ ಎತ್ತಿಟ್ಟುಬಿಟ್ಟಿದ್ದಳು, ಒಂದೊಂದನ್ನೂ ಅದರದರ ಗುಳಿಯಲ್ಲಿ. ಒಪ್ಪ ಓರಣ ಗೊತ್ತಿರುವ ಮಗು. ಈಗ ಕಾರು ಹತ್ತುವ ಮೊದಲು ಬೂಟು ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ನಾನು ಹೇಳಿಯೇ ಇರಲಿಲ್ಲ.

ಹನ್ನೆರಡನೇ ಷರತ್ತು: ಮೂರನೆಯ ದೂರು ಮೊದಲನೆಯದರಿಂದ ಮೂವತ್ತು ದಿನದೊಳಗೆ ಬಂದರೆ ಮಾತ್ರ ಖಾತೆ ಬಂದ್. ಅಂದರೆ ಡಿಸೆಂಬರ್ 15. ನನಗಿರುವುದು ಒಂದೇ ವಾರಾಂತ್ಯ.

ಡಿಸೆಂಬರ್ 6, ಶುಕ್ರವಾರ

ನಿಕೊಲಾಸ್ ದಿನ. ಮಕ್ಕಳೆಲ್ಲ ಸಿಹಿತಿಂಡಿ ತುಂಬಲೆಂದು ಬಾಗಿಲ ಹೊರಗೆ ಬೂಟು ಇಟ್ಟಿದ್ದಾರೆ. ಮೆರ್ಲೆಯ ಬೂಟು ಗುಡ್ಡದ ಮೇಲೆ ಅವಳಮ್ಮನ ಬಾಗಿಲಲ್ಲಿದೆ. ಅವಳಿಗೆ ಚಾಕಲೇಟು ಕಳಿಸಬೇಕೆಂದುಕೊಂಡಿದ್ದೆ, ಮರೆತೇಹೋಯಿತು.

ಹದಿನಾಲ್ಕನೇ ಕಟ್ಟಡದ ಮುಂದೆ ಹಾದುಬಂದೆ. ಕಪಾಟು ಖಾಲಿ. ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಾಳೆ, ದುಂಡು ಅಕ್ಷರ: 'ಶುಕ್ರವಾರ ಮಧ್ಯಾಹ್ನ ಕಾರು ಸಿಗುತ್ತಿಲ್ಲ. ತರಕಾರಿ ಇರುವುದಿಲ್ಲ. ಬ್ರೆಡ್ ಮಾತ್ರ, ಅದೂ ಇದ್ದಾಗ. ಕ್ಷಮಿಸಿ.' ನಮ್ಮ ಕೆಳಮನೆಯ ಮುದುಕ ಬಟ್ಟೆಚೀಲ ಹಿಡಿದುಕೊಂಡು ಅದನ್ನು ಎರಡು ಸಲ ಓದಿದ. ಚೀಲವನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದ.

ಕ್ಷಮಿಸಿಯಂತೆ. ನನ್ನ ಹತ್ತಿರ ಅಷ್ಟನ್ನೂ ಕೇಳಲಿಲ್ಲ ಅವಳು, ಕುಂಬಳಕಾಯಿ ಕೊಟ್ಟು ಕೈ ತೊಳೆದುಕೊಂಡಳು.

ಡಿಸೆಂಬರ್ 13, ಶುಕ್ರವಾರ

ಬೇಟೆಗೆ ಎಲ್ಲ ಸಿದ್ಧ. ಈ ವಾರಾಂತ್ಯ ಕಾರು ಪೂರ್ತಿ ನನ್ನ ಹೆಸರಿನಲ್ಲಿತ್ತು. ನಿನ್ನೆ ಅದರಿಂದ ಶನಿವಾರ ಒಂಬತ್ತರಿಂದ ಹನ್ನೊಂದರವರೆಗಿನ ಹೊತ್ತನ್ನು ಬಿಡಿಸಿ ಹೊರಗೆ ಬಿಟ್ಟೆ. ಮುಕ್ಕಾಲು ಗಂಟೆಯಲ್ಲಿ ಅಲ್ಲಿ ಬೂದು ಪಟ್ಟಿ ಮೂಡಿತು. ಬ್ರೆಡ್ಡಿಗಾಗಿ ಹಸಿದು ಕುಳಿತಿದ್ದಾಳೆ! ಹನ್ನೊಂದರಿಂದ ಮತ್ತೆ ನಾನು, ಅವಳ ಬೆನ್ನಿಗೇ.

ಮೇಲೆ ಹಿಂಟರ್‌ಬಾಖ್‌ನಲ್ಲಿ ವರ್ಷದ ಮೊದಲ ಹಿಮ ಬಿದ್ದಿದೆ. ನಾಳೆ ಬೆಳಿಗ್ಗೆ ಎಂಟಕ್ಕೇ ಜಾರುಬಂಡಿ ಆಡಲು ಗುಡ್ಡಕ್ಕೆ ಹೋಗೋಣ ಎಂದು ಮೆರ್ಲೆಗೆ ಮೊದಲೇ ಮಾತು ಕೊಟ್ಟಿದ್ದೆ. ಹನ್ನೊಂದರ ಮೇಲೆ ಹೋಗೋಣ ಎಂದೆ. ಸರಿ ಎಂದಳು. ಹಟ ಮಾಡುವುದನ್ನು ಬಿಟ್ಟಿದ್ದಾಳೆ, ದೊಡ್ಡವಳಾಗುತ್ತಿದ್ದಾಳೆ.

ಇವತ್ತು ಒಂದು ಟವೆಲ್ ತಂದಿದ್ದಳು. ಸೀಟಿನ ಮೇಲೆ ಹಾಸಿ ಅದರ ಮೇಲೆ ಕುಳಿತಳು.

"ಅಮ್ಮ ಕೊಟ್ಟಿದ್ದಾ?"

"ಇಲ್ಲ. ನಾನೇ ತಂದೆ."

ಎಷ್ಟು ಜನ ದೊಡ್ಡವರಿಗೆ ಈ ಬುದ್ಧಿ ಇದೆ?

ಡಿಸೆಂಬರ್ 14, ಶನಿವಾರ

ಎಲ್ಲವನ್ನೂ ಕ್ರಮವಾಗಿ ಬರೆದಿಡುತ್ತೇನೆ.

ಹತ್ತೂವರೆಗೆ ನಾನೂ ಮೆರ್ಲೆಯೂ ಸೈಕಲ್ ಚಪ್ಪರದ ಹತ್ತಿರ ನಿಂತೆವು. ಅವಳ ಕೈಯಲ್ಲಿ ಮೊಸರಿನ ಡಬ್ಬಿ, ಅದರಲ್ಲಿ ಬಾಲ್ಕನಿಯ ಕುಂಡದಿಂದ ತೆಗೆದ ಮಣ್ಣು. ನನ್ನ ಕೈ ಫೋನಿಗೆ ಬೇಕಾಗಿತ್ತು, ಅದಕ್ಕೆ ಅವಳ ಕೈಗೆ ಕೊಟ್ಟೆ. ಹತ್ತೂ ಐವತ್ತೆರಡಕ್ಕೆ ಟ್ರೊಂಡ್ಲೆ ಬಂದಳು. ಕ್ರೇಟುಗಳನ್ನು ಇಳಿಸಿದಳು. ಆಮೇಲೆ ಅಂಗಿಯ ಜೇಬಿನಿಂದ ಒಂದು ಸಣ್ಣ ಬ್ರಷ್ ತೆಗೆದು ಡಿಕ್ಕಿಯೊಳಗೆ ಅರ್ಧ ದೇಹ ತೂರಿಸಿ ಗುಡಿಸಿದಳು. ಒದ್ದೆ ಬಟ್ಟೆಯಿಂದ ಒರೆಸಿದಳು. ಸೀಟನ್ನು ಹಿಂದಕ್ಕೆ ತಳ್ಳಿಟ್ಟಳು, ನನಗಾಗಿಯೇ ಇರಬೇಕು. ಮೆರ್ಲೆ ಕೈ ಎತ್ತಿ ಬೀಸಲು ಹೋದಳು. ಹಿಡಿದು ಕೆಳಗಿಳಿಸಿದೆ.

ಟ್ರೊಂಡ್ಲೆ ಮೂಲೆ ತಿರುಗಿದ ಮೇಲೆ ಹೋಗಿ ಡಿಕ್ಕಿ ತೆಗೆದೆ.

"ಡಬ್ಬಿ ಕೊಡು."

"ಅಪ್ಪಾ, ಇದು ನಮ್ಮ ಬಾಲ್ಕನಿ ಮಣ್ಣಲ್ವಾ?"

"ಮಣ್ಣು ಯಾವುದಾದ್ರೇನು? ಅವಳು ಇದಕ್ಕಿಂತ ಜಾಸ್ತಿ ಮಣ್ಣು ತಂದು ಹಾಕಿದ್ದಾಳೆ, ಎಷ್ಟೋ ಸಲ. ಆಗ ಯಾರೂ ಫೋಟೊ ತೆಗೀಲಿಲ್ಲ ಅಷ್ಟೇ."

"ಇವತ್ತು ಗುಡಿಸಿದ್ರಲ್ಲ."

"ಡಬ್ಬಿ ಕೊಡು ಮೆರ್ಲೆ, ಹೊತ್ತಾಗತ್ತೆ."

ಕೊಟ್ಟಳು. ಸುರಿದೆ, ಸ್ವಲ್ಪ ಡಿಕ್ಕಿಗೆ, ಸ್ವಲ್ಪ ಹಿಂದಿನ ಸೀಟಿಗೆ. ಹದಿನಾಲ್ಕು ಫೋಟೊ. ಕಳಿಸಿದೆ. ದೂರು ಮೂರು! ಎದೆ ಹಗುರಾಯಿತು, ಜೋರಾಗಿ ನಕ್ಕೆ.

ಎಲ್ಲ ತೆಗೆದು ಒರೆಸಿ ಗುಡ್ಡಕ್ಕೆ ಹೋಗುವಷ್ಟರಲ್ಲಿ ಒಂದು ಗಂಟೆ. ಬಿಸಿಲಿಗೆ ಹಿಮ ಕರಗಿ ಕೆಸರಾಗಿತ್ತು. ಎರಡು ಸಲ ಜಾರಿದಳು, ಚಳಿ ಎಂದಳು. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಟವೆಲ್ ಮೇಲೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ದಣಿದಿರಬೇಕು.

ಡಿಸೆಂಬರ್ 19, ಗುರುವಾರ

ಹೊಟ್ಟೆ ತಣ್ಣಗಾಯಿತು!

ಕಪಾಟಿನ ಹತ್ತಿರ ಅವಳೇ ಸಿಕ್ಕಳು. ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದಳು, ಕಪಾಟನ್ನೇ ಒಳಗೆ ಒಯ್ಯುತ್ತಾಳಂತೆ.

"ನನ್ನ ಖಾತೆ ಬಂದ್ ಮಾಡಿದ್ರು ಕಣ್ರೀ, ಆರು ತಿಂಗಳು. ಕಾರು ತುಂಬ ಮಣ್ಣಿತ್ತಂತೆ. ಫೋಟೊ ಕಳಿಸಿದ್ದಾರೆ ನೋಡಿ."

"ಹೌದಾ?"

"ನಾನು ಗುಡಿಸಿದ್ದೆ ಅಂತ ನನಗೆ ಚೆನ್ನಾಗಿ ನೆನಪಿದೆ. ಆದ್ರೆ ಫೋಟೊ ಸುಳ್ಳು ಹೇಳತ್ತಾ? ನನ್ನ ಕಣ್ಣೇ ಹೋಗ್ತಿದೆ ಅನ್ಸತ್ತೆ. ಡಾಕ್ಟರ ಹತ್ರ ಹೋಗ್ಬೇಕು. ಇನ್ನು ಕಾರು ಓಡಿಸೋದೇ ಬೇಡ ಅಂದ್ಕೊಂಡೆ. ನಾಳೆ ಯಾರಾದ್ರೂ ಮಗು ಅಡ್ಡ ಬಂದು ಕಾಣ್ಸದೆ ಹೋದ್ರೆ?"

"ಅದೂ ಸರಿ," ಎಂದೆ.

"ನಿಮ್ಮ ಹುಡುಗಿ ಚೆನ್ನಾಗಿದ್ದಾಳಾ? ಅವತ್ತು ಚಪ್ಪರದ ಹತ್ರ ನೋಡ್ದ ಹಾಗಾಯ್ತು. ಅದೂ ನನ್ನ ಕಣ್ಣೋ ಏನೋ."

ಎಪ್ಪತ್ತಾರು ದಿನದ ಹಗೆ ಹೀಗೆ ತೀರಿತು. ಒಂದು ಬಾಟಲಿ ವೈನ್ ತಂದು ಅರ್ಧ ಕುಡಿದೆ. ಫೋನ್ ತೆಗೆದು ಜನವರಿಯ ಶುಕ್ರವಾರಗಳನ್ನು ನೋಡಿದೆ, ನನ್ನವು ಬಿಟ್ಟರೆ ಎಲ್ಲ ಬಿಳಿ, ಒಂದೇ ಒಂದು ಬೂದು ಪಟ್ಟಿಯಿಲ್ಲ. ಕಾರು ಈಗ ನನ್ನದೆಂದೇ ಹೇಳಬಹುದು. ಇನ್ನು ಯಾರ ಮೇಲೆ ಕಣ್ಣಿಡಲಿ ಎಂದು ಸ್ವಲ್ಪ ಹೊತ್ತು ಯೋಚಿಸಿದೆ.

ಜನವರಿ 10, ಶುಕ್ರವಾರ

ಕ್ರಿಸ್‌ಮಸ್‌ಗೆ ಹೈಕೆ ಮೆರ್ಲೆಯನ್ನು ತನ್ನ ತವರಿಗೆ ಕರೆದೊಯ್ದಿದ್ದಳು, ಹಾಗಾಗಿ ನಾಲ್ಕು ವಾರದ ಮೇಲೆ ಇಂದು ಹೋದೆ. ಐದೂ ನಲವತ್ತಕ್ಕೇ ಹಿಂಟರ್‌ಬಾಖ್. ಇಷ್ಟು ಬೇಗ ಯಾವತ್ತೂ ಹೋಗಿರಲಿಲ್ಲ. ಕಾರಿನಲ್ಲಿ ಒಂದು ಕೂದಲೆಳೆಯೂ ಇರಲಿಲ್ಲ.

ಹೈಕೆ ಒಬ್ಬಳೇ ಹೊರಗೆ ಬಂದು ಬಾಗಿಲನ್ನು ಹಿಂದೆ ಎಳೆದುಕೊಂಡಳು.

"ಮೆರ್ಲೆ ಬರಲ್ಲ ಅಂತಿದ್ದಾಳೆ."

"ಹುಷಾರಿಲ್ವಾ?"

"ಹುಷಾರಾಗೇ ಇದ್ದಾಳೆ. ಮೊಸರು ಡಬ್ಬಿ ವಿಷಯ ಹೇಳಿದ್ಳು."

"ಏನು ಹೇಳಿದ್ಳು?"

"ನಾನಾಗಿ ಕೇಳ್ಲಿಲ್ಲ ಗೆರ್ವಿನ್, ನಂಬು. ತಲೆ ಬಾಚ್ತಿದ್ದೆ, ತಾನೇ ಹೇಳಿದ್ಳು. ಆಮೇಲೆ ಕೇಳಿದ್ಳು, 'ಅಪ್ಪನ ಫೋನಲ್ಲಿ ನನ್ನ ಫೋಟೊನೂ ಇದ್ಯಾ ಅಮ್ಮ?' ಅಂತ. ಸೀಟಿನ ಮೇಲೆ ಅವಳು ಯಾವತ್ತೋ ಸಕ್ಕರೆ ಚೆಲ್ಲಿದ್ಳಂತೆ."

"ನನ್ನ ಮಗಳ ಫೋಟೊ ನನ್ನ ಫೋನಲ್ಲಿ ಇಲ್ದೆ ಇರತ್ತಾ?"

"ತೋರಿಸು."

ತೆಗೆದೆ. ಬೆರಳಿನಿಂದ ಸರಿಸಿದೆ. ಮಣ್ಣು, ಮಣ್ಣು, ಡಿಕ್ಕಿಯ ಮೂಲೆ, ಬ್ರೆಡ್ಡಿನ ಪುಡಿ, ಬಾಡಿದ ಎಲೆ, ಬೂದು ಪಟ್ಟಿಗಳ ಪುಟಗಳು, ಹಸಿರು ಮಳೆಯಂಗಿ ದೂರದಿಂದ. ಸರಿಸುತ್ತಲೇ ಹೋದೆ. ಹೈಕೆ ನೋಡುತ್ತ ನಿಂತಿದ್ದಳು. ಅಕ್ಟೋಬರ್ ಇಪ್ಪತ್ತರವರೆಗೆ ಹೋಗಬೇಕಾಯಿತು. ಅಡುಗೆಮನೆಯಲ್ಲಿ ಕುಂಬಳಕಾಯಿಯನ್ನು ಅಪ್ಪಿಕೊಂಡು ನಗುತ್ತಿದ್ದಳು ಮೆರ್ಲೆ.

"ನಾನು ಹೊತ್ತಿಗೆ ಸರಿಯಾಗಿ ಬಂದಿದ್ದೇನೆ," ಎಂದೆ. "ಒಪ್ಪಂದದಲ್ಲಿ ಆರು ಗಂಟೆ ಅಂತಿದೆ. ಇನ್ನೂ ಹತ್ತು ನಿಮಿಷ ಇದೆ."

"ಗೊತ್ತು," ಎಂದಳು ಹೈಕೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. "ಮಗೂನ ಎಳ್ಕೊಂಡು ಬಂದು ಕಾರಲ್ಲಿ ಕೂರಿಸ್ಲಾ, ಹೇಳು."

ಕಿಟಕಿಯತ್ತ ನೋಡಿದೆ. ಪರದೆ ಎಳೆದಿತ್ತು.

ಖಾಲಿ ಕಾರಿನಲ್ಲಿ ವಾಪಸು ಬಂದೆ. ಈಗ ಏಳೂವರೆ. ಮೈಯೆಲ್ಲ ಉರಿಯುತ್ತಿದೆ. ಮೂರು ತಿಂಗಳು ನಾನು ಯಾರಿಗಾಗಿ ಇಷ್ಟೆಲ್ಲ ಮಾಡಿದೆ? ಒಂದು ನಿಮಿಷ ತಡ ಮಾಡದವನಿಗೆ ಈ ಶಿಕ್ಷೆ ಯಾಕೆ? ಇದಕ್ಕೆ ಕಾರಣರಾದವರು ಯಾರ್ಯಾರು, ಒಬ್ಬೊಬ್ಬರಾಗಿ ಬರೆದಿಡುತ್ತೇನೆ. ಒಬ್ಬರನ್ನೂ ಬಿಡುವುದಿಲ್ಲ.

ಒಂದು. ಇರ್ಮೆಲಾ ಟ್ರೊಂಡ್ಲೆ. ಅಕ್ಟೋಬರ್ 4ರಿಂದ. ಎಲ್ಲದರ ಮೂಲ ಅವಳೇ.

ಎರಡು. ಹೈಕೆ. ಜನವರಿ 10. ಮಗುವಿನ ಮಾತು ಹಿಡಿದುಕೊಂಡು ನನ್ನ ಫೋನನ್ನು ಬಾಗಿಲಲ್ಲಿ ತೆರೆಸಿದಳು.

ಮೂರು. ಮೆರ್ಲೆ. ಡಬ್ಬಿಯನ್ನು ಡಿಸೆಂಬರ್ 14ರಂದು ತಾನೇ ಹಿಡಿದುಕೊಂಡಿದ್ದಳು, ತಾನೇ ನನ್ನ ಕೈಗೆ ಕೊಟ್ಟಳು, ಈಗ ತಾನೇ ಬಾಯಿಬಿಟ್ಟಿದ್ದಾಳೆ. ಅವಳಿಗೂ...

ಮೂರನೆಯ ಹೆಸರನ್ನು ಈಗ ಓದಿದೆ. ನನ್ನದೇ ಅಕ್ಷರ.